ನ್ಯೂಜಿಲೆಂಡ್ ಸುತ್ತುವುದು ಹೇಗೆ? ಮೊದಲು ಬಸ್ಸು, ಆಮೇಲೆ ಕಾರು

ನ್ಯೂಜಿಲೆಂಡಿಗೆ ಹೊರಟವರಲ್ಲಿ ಹೆಚ್ಚಿನವರು ವಿಮಾನ ಇಳಿದ ಕೂಡಲೇ ಬಾಡಿಗೆ ಕಾರು ಹತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಅಷ್ಟು ದೂರ ಹಾರಿ ಬಂದ ಕಣ್ಣಿಗೆ ನಿದ್ದೆ ಇರುವುದಿಲ್ಲ, ರಸ್ತೆಯೂ ಹೊಸದು. ಉತ್ತರ ದ್ವೀಪವನ್ನು ಬಸ್ಸಿನಲ್ಲಿ ನೋಡಿ, ದಕ್ಷಿಣಕ್ಕೆ ಹೋದ ಮೇಲೆ ಕಾರು ತೆಗೆದುಕೊಳ್ಳಿ.

ಆಕ್ಲೆಂಡ್ ವಿಮಾನ ನಿಲ್ದಾಣದಲ್ಲೇ ಒಂದು ಕೆಲಸ ಇದೆ. ಬ್ಯಾಗಿನಲ್ಲಿರುವ ತಿಂಡಿ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲವನ್ನೂ ಪ್ರಯಾಣಿಕರ ಘೋಷಣಾ ಪತ್ರದಲ್ಲಿ ತಿಳಿಸಿ. ಹೇಳದೆ ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ, ಮರೆತು ಉಳಿದ ಒಂದು ಸೇಬಿಗೂ ಅಷ್ಟೇ.

ಆಕ್ಲೆಂಡಿನಿಂದ ವೆಲಿಂಗ್ಟನ್‌ಗೆ ಸುಮಾರು 640 ಕಿ.ಮೀ. ಇಂಟರ್‌ಸಿಟಿ ಎಂಬ ಕಂಪನಿಯ ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ. ಒಂದೇ ಏಟಿಗೆ ಹೋಗಬೇಡಿ, ಬಿಸಿನೀರ ಬುಗ್ಗೆಗಳ ಊರಾದ ರೋಟೊರುವಾದಲ್ಲಿ ಇಳಿದು ಎರಡು ದಿನ ಇರಿ. ಬಸ್ಸಿನ ಬಾಗಿಲು ತೆಗೆದಾಗಲೇ ಗಂಧಕದ ವಾಸನೆ ಮೂಗಿಗೆ ಬಡಿಯುತ್ತದೆ! ಸಾಧ್ಯವಾದರೆ ಮುಂದಿನ ಸೀಟು ಹಿಡಿದು ಚಾಲಕರನ್ನೇ ಗಮನಿಸಿ. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ಹೇಗೆ ದಾರಿ ಬಿಡುತ್ತಾರೆ, ತಿರುವಿನಲ್ಲಿ ಎಷ್ಟು ನಿಧಾನ ಮಾಡುತ್ತಾರೆ ಅಂತ ನೋಡಿದರೆ ಅರ್ಧ ಪಾಠ ಆದಂತೆ.

ವೆಲಿಂಗ್ಟನ್‌ನಿಂದ ದಕ್ಷಿಣ ದ್ವೀಪದ ಪಿಕ್ಟನ್‌ಗೆ ಹಡಗು, ಸುಮಾರು ಮೂರೂವರೆ ಗಂಟೆ. ವಾಂತಿ ಬರುವವರು ಮೊದಲೇ ಮಾತ್ರೆ ತೆಗೆದುಕೊಳ್ಳಿ, ಕುಕ್ ಜಲಸಂಧಿಯ ಗಾಳಿ ಜೋರು. ಕೊನೆಯ ಒಂದು ಗಂಟೆ ಮಾತ್ರ ಒಳಗೆ ಕೂರಬೇಡಿ, ಹಸಿರು ಗುಡ್ಡಗಳ ಮಧ್ಯೆ ಹಡಗು ನುಸುಳಿ ಹೋಗುತ್ತದೆ.

ಕಾರು ಪಿಕ್ಟನ್‌ನಲ್ಲೇ ತೆಗೆದುಕೊಳ್ಳಿ, ಹಡಗಿಗೆ ಕಾರಿನ ದುಡ್ಡು ಉಳಿಯುತ್ತದೆ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ, ಆದರೆ ಅಸಲಿ ಕಾರ್ಡ್ ಜೊತೆಗಿರಬೇಕು. ಕೀಲಿ ಕೈಗೆ ಬಂದ ಕೂಡಲೇ ಕಾರನ್ನು ಒಂದು ಸುತ್ತು ವಿಡಿಯೊ ಮಾಡಿ, ಗಾಜು, ಟೈರು, ಬಂಪರ್ ಎಲ್ಲ. ನಮಗೆ ಜಲ್ಲಿ ರಸ್ತೆಯಲ್ಲಿ ಕಲ್ಲು ಸಿಡಿದು ಮುಂದಿನ ಗಾಜಿಗೆ ಕಡಲೆಕಾಳಿನಷ್ಟು ಗುರುತು ಬಿತ್ತು, ವಿಮೆಯಲ್ಲಿ ಗಾಜು ಸೇರಿದೆಯಾ ಎಂದು ನಾವು ಓದಿರಲಿಲ್ಲ. ಪೂರ್ತಿ ದುಡ್ಡು ನಮ್ಮ ಕೈಯಿಂದಲೇ ಹೋಯಿತು.

ಎಡಗಡೆಯೇ ಓಡಿಸುವುದು, ಅದು ಸುಲಭ. ಹೊಸದೆಂದರೆ ಒಂದೇ ಲೇನಿನ ಸೇತುವೆಗಳು, ಪಶ್ಚಿಮ ಕರಾವಳಿಯಲ್ಲಿ ಜಾಸ್ತಿ. ಸೇತುವೆಗೆ ಮುಂಚೆ ಎರಡು ಬಾಣದ ಫಲಕ ಇರುತ್ತದೆ. ಸಣ್ಣ ಕೆಂಪು ಬಾಣ ನಿಮ್ಮ ದಿಕ್ಕಿನದಾದರೆ ನಿಲ್ಲಿ, ಎದುರಿನವರು ದಾಟಲಿ. ಊರ ಹೊರಗೆ ಮಿತಿ ಸಾಮಾನ್ಯವಾಗಿ 100, ಆದರೆ ಅಷ್ಟು ವೇಗ ಸಿಗುವುದಿಲ್ಲ. ಫ್ರಾನ್ಸ್ ಜೋಸೆಫ್‌ನಿಂದ ವನಾಕಾಗೆ 300 ಕಿ.ಮೀ. ಕೂಡ ಇಲ್ಲ, ಆದರೂ ಇಡೀ ದಿನ ಇಟ್ಟುಕೊಳ್ಳಿ. ಹಿಂದೆ ವಾಹನಗಳು ಸೇರಿಕೊಂಡರೆ ಸುರಕ್ಷಿತ ಜಾಗ ನೋಡಿ ಎಡಕ್ಕೆ ಸರಿದು ಬಿಟ್ಟುಬಿಡಿ.

ಕ್ವೀನ್ಸ್‌ಟೌನ್ ತಲುಪಿದ ಮೇಲೆ ಕಾರು ನಿಲ್ಲಿಸಿ, ಬೆಟ್ಟಗಳ ನಡುವೆ ಸಮುದ್ರ ಒಳಗೆ ನುಗ್ಗಿರುವ ಮಿಲ್ಫರ್ಡ್ ಸೌಂಡ್‌ಗೆ ಮತ್ತೆ ಬಸ್ಸೇ ಹಿಡಿಯಿರಿ. ಬೆಳಿಗ್ಗೆ ಹೊರಟರೆ ಬರುವುದು ರಾತ್ರಿಯೇ, ಸುಮಾರು 12 ಗಂಟೆ. ಟೆ ಅನೌ ದಾಟಿದ ಮೇಲೆ 120 ಕಿ.ಮೀ. ಬೆಟ್ಟದ ದಾರಿ, ಫೋನ್ ಸಿಗುವುದೇ ಅಪರೂಪ, ಚಳಿಗಾಲದಲ್ಲಿ ಹಿಮ ಕುಸಿಯುವ ಭಯವೂ ಇದೆ. ಓಡಿಸುವವರಿಗೆ ಬರೀ ರಸ್ತೆ ಕಾಣುತ್ತದೆ, ಪಾಪ, ಅಲ್ವಾ? ಹೋಮರ್ ಸುರಂಗದ ಹತ್ತಿರ ನಮ್ಮ ಬಸ್ಸು ನಿಂತಾಗ ಕಿಯಾ ಎಂಬ ಹಸಿರು ಗಿಳಿ ಮುಂದಿದ್ದ ಕಾರಿನ ಮೇಲೆ ಇಳಿಯಿತು. ಕೊಕ್ಕು ಹಾಕಿ ಕಿಟಕಿಯ ರಬ್ಬರನ್ನು ಎಳೆಯತೊಡಗಿತು, ರೆಕ್ಕೆ ಬಿಚ್ಚಿದಾಗ ಒಳಗೆಲ್ಲ ಕಿತ್ತಳೆ ಬಣ್ಣ. ಹತ್ತಿರ ಬಂದರೂ ತಿಂಡಿ ಮಾತ್ರ ಹಾಕಬೇಡಿ.