ಹಿತ್ತಲಿನ ಹೆಗ್ಗಣಕ್ಕೆ ಏರ್ ಗನ್: ಯಾವ ಗನ್ ತಗೋಬೇಕು, ಯಾವ ಸ್ಕೋಪ್ ಹಾಕ್ಬೇಕು

ನಮ್ಮ ಕೊಟ್ಟಿಗೆ ಹಿಂದೆ ಹಿಂಡಿ ಚೀಲ ಇಡೋ ಸಣ್ಣ ಕೋಣೆ ಇದೆ, ಪಕ್ಕದಲ್ಲಿ ಕೋಳಿ ಗೂಡು, ಅದರಾಚೆ ಅಡಿಕೆ ತೋಟ. ಮಳೆ ಹಿಡಿದು ತೋಟದ ಬಿಲಕ್ಕೆಲ್ಲ ನೀರು ನುಗ್ಗಿದ್ಮೇಲೆ ಇಲಿ ಹೆಗ್ಗಣ ಎಲ್ಲ ಮನೆ ಕಡೆಗೇ ಬರ್ತವೆ, ಹಿಂಡಿ ಚೀಲ ತೂತು, ಮೊಟ್ಟೆ ಮಾಯ, ಗೋಡೆ ಬುಡದಲ್ಲಿ ಬುಟ್ಟಿಗಟ್ಟಲೆ ಮಣ್ಣು. ಬೋನು ಇಟ್ವಿ, ಎರಡು ಬಿದ್ವು, ಮೂರನೇದು ಬೋನಿನ ಹತ್ರಾನೂ ಬರ್ಲಿಲ್ಲ. ಆಮೇಲೆ ಪಾಷಾಣ ಇಟ್ವಿ. ಇಲಿ ಸತ್ತವು, ಜೊತೆಗೆ ನಮ್ಮ ಬೆಕ್ಕೂ ಹೋಯ್ತು. ವಿಷ ತಿಂದು ತೂರಾಡ್ತಿರೋ ಇಲಿನ ಬೆಕ್ಕು ತಿನ್ನುತ್ತೆ, ಗೂಬೆ ತಿನ್ನುತ್ತೆ, ಕೇರೆ ಹಾವು ತಿನ್ನುತ್ತೆ, ಅಂದ್ರೆ ಇಲಿ ಹಿಡಿಯೋ ನಮ್ಮ ಕಡೆಯವರನ್ನೇ ನಾವು ಕೊಂದ ಹಾಗಾಯ್ತು. ಆ ಬೆಕ್ಕು ಹೋದ್ಮೇಲೆ ನಾನು ವಿಷ ಮುಟ್ಟಿಲ್ಲ, ಏರ್ ಗನ್ ತಗೊಂಡೆ. ಈಗ ಕೆಲವು ವರ್ಷ ಆಯ್ತು, ಕೇಳೋರು ಜಾಸ್ತಿ ಆಗಿದ್ದಾರೆ, ಅದಕ್ಕೇ ಗೊತ್ತಿರೋದನ್ನ ಒಂದ್ಕಡೆ ಬರೀತಿದೀನಿ.

ಗನ್ನಿನ ಮಾತಿಗೆ ಮುಂಚೆ ಒಂದು ವಿಷಯ. ನಾನು ಹೇಳ್ತಿರೋದು ಇಲಿ ಮತ್ತು ಹೆಗ್ಗಣಕ್ಕೆ ಮಾತ್ರ. ಮಂಗಕ್ಕಲ್ಲ, ನವಿಲಿಗಲ್ಲ, ಕೆಂದಳಿಲಿಗಲ್ಲ, ಬೀದಿ ನಾಯಿಗಂತೂ ಅಲ್ವೇ ಅಲ್ಲ. ಮಂಗ ಬಂದು ಏಲಕ್ಕಿ, ಬಾಳೆ, ಎಳೆ ಅಡಿಕೆ ಎಲ್ಲ ಹಾಳು ಮಾಡಿದಾಗ ಹೊಟ್ಟೆ ಉರಿಯೋದು ನಂಗೂ ಗೊತ್ತು, ನಮ್ಮ ತೋಟಕ್ಕೂ ಬರ್ತವೆ. ಆದ್ರೆ ಏರ್ ಗನ್ ಪೆಲೆಟ್, ಅಂದ್ರೆ ಅದರ ಸಣ್ಣ ಸೀಸದ ಗುಂಡು, ಮಂಗನ್ನ ಸಾಮಾನ್ಯವಾಗಿ ಒಂದೇಟಿಗೆ ಕೊಲ್ಲಲ್ಲ, ಮೈಯೊಳಗೆ ಸಿಕ್ಕಿಕೊಂಡು ಕೀವಾಗಿ ವಾರಗಟ್ಟಲೆ ನರಳಿಸುತ್ತೆ, ಮರಿ ಕಟ್ಕೊಂಡಿರೋ ತಾಯಿಗೆ ತಾಗಿದ್ರೆ ಮರಿಯೂ ಹೋಗುತ್ತೆ. "ಸುಮ್ನೆ ಹೆದರ್ಸೋಕೆ ಹೊಡೆದೆ" ಅನ್ನೋ ಮಾತು ನಾನು ಒಪ್ಪಲ್ಲ. ಕಾನೂನೂ ಬಿಡಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನವಿಲು ಒಂದನೇ ಶೆಡ್ಯೂಲಿನಲ್ಲಿದೆ, ಅಂದ್ರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿ, ನಾಯಿ ಬೆಕ್ಕನ್ನ ಕೊಂದ್ರೆ, ಊನ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, ಐದು ವರ್ಷದವರೆಗೂ ಜೈಲು.

ಇನ್ನು ಗನ್ನಿನ ಕಾನೂನು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ನಳಿಗೆ 4.5 ಎಂಎಂ ಒಳಗಿದ್ದು, ಅಂದ್ರೆ ಅಂಗಡಿಯವರು .177 ಅಂತಾರಲ್ಲ ಅದು, ಶಕ್ತಿ 20 ಜೂಲ್ ಮೀರದಿದ್ರೆ ಲೈಸೆನ್ಸ್ ಬೇಕಾಗಲ್ಲ. ಎರಡರಲ್ಲಿ ಒಂದು ದಾಟಿದ್ರೂ ಲೈಸೆನ್ಸ್ ಬೇಕು. ಹಾಗಾಗಿ .22, ಅಂದ್ರೆ 5.5 ಎಂಎಂ ನಳಿಗೆಯದ್ದು, ತಗೊಳ್ಳಿ ಹೆಗ್ಗಣಕ್ಕೆ ಅದೇ ಸರಿ ಅಂತ ಯಾರಾದ್ರೂ ಹೇಳಿದ್ರೆ, ಆ ಸಲಹೆ ಹೊರದೇಶದ ವಿಡಿಯೋದಿಂದ ಬಂದಿರುತ್ತೆ, ನಮಗೆ ಅದು ಲೈಸೆನ್ಸಿನ ಗನ್. ಕೊಳ್ಳುವಾಗ ಗುರುತಿನ ಚೀಟಿ ಕೊಡಿ, ಬಿಲ್ ಇಸ್ಕೊಳ್ಳಿ, ಆ ಬಿಲ್ಲನ್ನ ಗನ್ ಜೊತೆಗೇ ಇಟ್ಟಿರಿ. ಬಿಲ್ ಇಲ್ಲದ ಸೆಕೆಂಡ್ ಹ್ಯಾಂಡ್ ಬೇಡ.

ಈಗ ಎಲ್ಲರೂ ತಪ್ಪೋ ಜಾಗ ಹೇಳ್ತೀನಿ. ಅಂಗಡಿಗೆ ಹೋದ ತಕ್ಷಣ ಎಲ್ಲರೂ ಕೇಳೋದು ಸ್ಪೀಡ್ ಎಷ್ಟು, ಸಾವಿರ ಎಫ್‌ಪಿಎಸ್ ಬರುತ್ತಾ ಅಂತ (ಎಫ್‌ಪಿಎಸ್ ಅಂದ್ರೆ ಸೆಕೆಂಡಿಗೆ ಎಷ್ಟು ಅಡಿ). ಹಿತ್ತಲಿನ ಕೆಲಸಕ್ಕೆ ಸ್ಪೀಡು ಕೊನೇ ವಿಷಯ. ಲೆಕ್ಕ ನೋಡಿ, 0.55 ಗ್ರಾಂ ತೂಕದ ಒಂದು ಸಾಧಾರಣ ಪೆಲೆಟ್ ಸೆಕೆಂಡಿಗೆ 240 ಮೀಟರ್ ಹೋದ್ರೆ ಹತ್ತಿರ ಹತ್ತಿರ 16 ಜೂಲ್ ಆಯ್ತು, ಕಾನೂನಿನೊಳಗೇ ಇದೆ, ಇಲಿಗೆ ಧಾರಾಳ ಸಾಕು. ಅದೇ ಪೆಲೆಟ್ 280 ಮೀಟರ್ ಹೋದ್ರೆ 21 ಜೂಲ್ ದಾಟುತ್ತೆ. ಡಬ್ಬದ ಮೇಲೆ ಬರೆದಿರೋ ದೊಡ್ಡ ಸ್ಪೀಡೆಲ್ಲ ತೀರಾ ಹಗುರದ ಪೆಲೆಟ್ ಹಾಕಿ ತೆಗೆದ ನಂಬರು, ಪೆಲೆಟ್ ಶಬ್ದದ ವೇಗದ ಹತ್ರ ಹೋದ್ರೆ ಅಲುಗಾಡಿ ಗುರಿ ಕೆಡುತ್ತೆ, ಮೇಲಿಂದ ಚಟಾರ್ ಅಂತ ಸದ್ದು ಬೇರೆ. ನಮಗೆ ಬೇಕಾಗಿರೋದು 15 ಮೀಟರ್ ದೂರದಲ್ಲಿ ಹತ್ತಕ್ಕೆ ಹತ್ತು ಸಲ ಒಂದು ರೂಪಾಯಿ ನಾಣ್ಯದೊಳಗೆ ಬೀಳೋ ಗನ್ನು. ಯಾಕಂದ್ರೆ ಇಲಿ ಒಂದೇ ಏಟಿಗೆ ಸಾಯ್ಬೇಕಂದ್ರೆ ಕಣ್ಣಿಗೂ ಕಿವಿಗೂ ನಡುವೆ ತಾಗ್ಬೇಕು, ಆ ಜಾಗ ಅಬ್ಬಬ್ಬಾ ಅಂದ್ರೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು. ಹೆಗ್ಗಣ ಒಂದು ಕಿಲೋ ಹತ್ರ ತೂಗೋದೂ ಉಂಟು, ಅದರ ಹೊಟ್ಟೆಗೆ ಹೊಡೆದ್ರೆ ಬಿಲಕ್ಕೆ ಓಡಿ ಒಳಗೇ ನರಳಿ ಸತ್ತು ನಾರುತ್ತೆ. ಸ್ಪೀಡು ಜಾಸ್ತಿ ಇದ್ರೂ ಈ ನರಳಾಟ ತಪ್ಪಲ್ಲ, ಗುರಿ ಸರಿ ಇದ್ರೆ ಮಾತ್ರ ತಪ್ಪುತ್ತೆ.

ಗನ್ನಲ್ಲಿ ಮೂರ್ನಾಲ್ಕು ಜಾತಿ. ಸ್ಪ್ರಿಂಗ್ ಗನ್ನು, ನಳಿಗೆ ಮಡಚಿ ಕಾಕ್ ಮಾಡೋದು, ಅಂದ್ರೆ ಒಳಗಿನ ಸ್ಪ್ರಿಂಗ್ ಬಿಗಿ ಮಾಡೋದು, ಇದೇ ಹೆಚ್ಚು ಜನರ ಹತ್ರ ಇರೋದು. ಪಂಪು ಬೇಡ, ಗ್ಯಾಸ್ ಬೇಡ, ಮಳೆಗಾಲದಲ್ಲಿ ವಾರಗಟ್ಟಲೆ ಮೂಲೇಲಿಟ್ಟಿದ್ರೂ ಎತ್ತಿ ಹೊಡೀಬಹುದು. ಆದ್ರೆ ಇದರ ಒದೆತ ವಿಚಿತ್ರ, ಒಳಗಿನ ಪಿಸ್ಟನ್ ಮುಂದೆ ಹೋಗುವಾಗ ಗನ್ ಹಿಂದಕ್ಕೆ ಒದೆಯುತ್ತೆ, ಪಿಸ್ಟನ್ ಮುಂದೆ ಹೋಗಿ ನಿಂತಾಗ ಗನ್ ಮುಂದಕ್ಕೆ ಜಗ್ಗುತ್ತೆ, ಪೆಲೆಟ್ ಇನ್ನೂ ನಳಿಗೆ ಬಿಟ್ಟಿರಲ್ಲ ಅಷ್ಟರೊಳಗೆ ಇಷ್ಟೆಲ್ಲ ಆಗುತ್ತೆ. ಅದಕ್ಕೇ ಬಿಗಿಯಾಗಿ ಹಿಡಿದ್ರೆ ಗುರಿ ಚೆದುರುತ್ತೆ, ಅಂಗೈ ಮೇಲೆ ಸುಮ್ನೆ ಕೂರಿಸಿ ಸಡಿಲ ಬಿಡ್ಬೇಕು. ಸ್ಪ್ರಿಂಗ್ ಬದಲು ಗ್ಯಾಸ್ ತುಂಬಿದ ನೈಟ್ರೋ ಪಿಸ್ಟನ್ ಇರೋದೂ ಸಿಗುತ್ತೆ, ಕಾಕ್ ಮಾಡಿಟ್ಕೊಂಡು ಕಾಯೋಕೆ ಅದು ವಾಸಿ. ಪಿಸಿಪಿ ಅಂದ್ರೆ ಸಿಲಿಂಡರಿಗೆ 200 ಬಾರ್ ಆಸುಪಾಸು ಗಾಳಿ ತುಂಬಿ ಹೊಡೆಯೋದು, ಒದೆತವೇ ಇಲ್ಲ, ಗುರಿ ಕಲಿಯೋಕೆ ಇದಕ್ಕಿಂತ ಸುಲಭದ್ದು ಇಲ್ಲ, ಆದ್ರೆ ಕೈಪಂಪಲ್ಲಿ ತುಂಬಿಸೋದು ಬೆವರಿಳಿಸೋ ಕೆಲಸ ಮತ್ತೆ ರೇಟು ಜಾಸ್ತಿ. ಸಿಒ2, ಅಂದ್ರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿಂದ ಹೊಡೆಯೋದು, ಬೇಡ, ಚಳೀಲಿ ಒತ್ತಡ ಇಳಿದು ಪೆಲೆಟ್ ಎಲ್ಲೆಲ್ಲೋ ಬೀಳುತ್ತೆ.

ನಮ್ಮಲ್ಲೇ ತಯಾರಾಗೋದ್ರಲ್ಲಿ ಪ್ರೆಸಿಹೋಲ್ ಕಂಪನಿಯವು ಸುಲಭಕ್ಕೆ ಸಿಗ್ತವೆ, ಎಸ್ಎಕ್ಸ್100 ಸ್ಪ್ರಿಂಗಿಂದು, ಪಿಎಕ್ಸ್100 ಪಿಸಿಪಿ. ಮೊದಲನೇ ಗನ್ನು, ಬಜೆಟ್ ಬಿಗಿ ಅಂದ್ರೆ ಮಧ್ಯಮ ಶಕ್ತಿಯ ಸ್ಪ್ರಿಂಗ್ ಗನ್ನೇ ತಗೊಳ್ಳಿ ಅಂತೀನಿ, ಕೈಲಿ ಹಿಡಿದು ನೋಡಿ, ಮನೇಲಿ ಬೇರೆಯವರೂ ಬಳಸ್ತಾರೆ ಅಂದ್ರೆ ಅವರ ಕೈಲಿ ಕಾಕ್ ಮಾಡೋಕಾಗುತ್ತಾ ನೋಡಿ. ನಳಿಗೆ ಮಡಚಿ ಪೆಲೆಟ್ ಹಾಕುವಾಗ ಇನ್ನೊಂದು ಕೈಯಿಂದ ನಳಿಗೆ ಬಿಗಿಯಾಗಿ ಹಿಡ್ಕೊಂಡೇ ಇರ್ಬೇಕು, ಜಾರಿ ವಾಪಸ್ ಬಡಿದ್ರೆ ಬೆರಳು ಹೋಗುತ್ತೆ. ಪೆಲೆಟ್ ಇಲ್ಲದೆ ಖಾಲಿ ಹೊಡೀಬೇಡಿ, ಪಿಸ್ಟನ್ ಬಡಿದು ಸೀಲು ಹಾಳಾಗುತ್ತೆ. ಹೊಸ ಗನ್ನು ಮೊದಲ ಇನ್ನೂರು ಮುನ್ನೂರು ಏಟು ಹೊಗೆ ಬಿಡೋದು, ಸದ್ದು ಮಾಡೋದು ಇದ್ದದ್ದೇ, ಒಳಗಿನ ಎಣ್ಣೆ ಸುಟ್ಟು ಹೋಗೋವರೆಗೂ ಗುರಿ ಕೂರಲ್ಲ, ಅಲ್ಲೀವರೆಗೂ ಗನ್ನು ಸರಿ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ.

ಪೆಲೆಟ್ಟಿಗೆ ಜಿಪುಣತನ ಬೇಡ. ಒಂದೇ ಡಬ್ಬ ತಂದು ಗುರಿ ಬರ್ತಿಲ್ಲ ಅನ್ನೋರು ತುಂಬಾ ಜನ. ಮೂರು ನಾಲ್ಕು ತರದ್ದು ಒಂದೊಂದು ಡಬ್ಬ ತಂದು, 15 ಮೀಟರಿಗೆ ಪೇಪರ್ ಕಟ್ಟಿ, ಒಂದೊಂದರಲ್ಲೂ ಹತ್ತು ಹತ್ತು ಹೊಡೆದು ನೋಡಿ, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತೆ ಅಂತ ನಳಿಗೇನೇ ಹೇಳುತ್ತೆ, ಪಕ್ಕದ ಮನೆಯವರ ಅದೇ ಮಾಡೆಲ್ಲಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗದೇ ಇರಬಹುದು. ಚಪ್ಪಟೆ ತಲೆಯದ್ದು ಹತ್ತು ಹನ್ನೆರಡು ಮೀಟರ್ ಒಳಗೆ ಚೆನ್ನಾಗಿ ಏಟು ಕೊಡುತ್ತೆ, ಅದಕ್ಕಿಂತ ದೂರಕ್ಕೆ ಗುಂಡು ತಲೆಯದ್ದು. ಚೂಪು ತಲೆಯದ್ದು ನೋಡೋಕೆ ಮಾತ್ರ ಚಂದ. ಕೆಳಗೆ ಬಿದ್ದು ಹಿಂಬದಿ ಲಂಗ ಸೊಟ್ಟಗಾದ ಪೆಲೆಟ್ ಎಸೆದುಬಿಡಿ. ಅದು ಸೀಸ, ಹೊಡೆದಾದ್ಮೇಲೆ ಸೋಪು ಹಾಕಿ ಕೈ ತೊಳೀದೆ ಏನೂ ತಿನ್ಬೇಡಿ.

ಸ್ಕೋಪ್, ಅಂದ್ರೆ ಗುರಿ ನೋಡೋಕೆ ಗನ್ ಮೇಲೆ ಕೂರಿಸೋ ದುರ್ಬೀನು, ಅದರ ವಿಷಯಕ್ಕೆ ಬಂದ್ರೆ ನಂಗೆ ಸಿಟ್ಟು ಬರುತ್ತೆ. ನಾನು ಮೊದಲ ಸಲ ಗನ್ ತಗೊಂಡಾಗ ಅಂಗಡಿಯವರೇ ಒಂದು ಸ್ಕೋಪ್ ಹಾಕಿ ಕೊಟ್ರು, ದೊಡ್ಡ ರೈಫಲ್ಲಿಗೆ ಹಾಕೋದು ಸರ್ ಇದು, ಏನೂ ಆಗಲ್ಲ ಅಂದ್ರು. ಎರಡೇ ವಾರ, ಒಳಗಿನ ಅಡ್ಡಗೆರೆ ಓರೆಯಾಗಿ ನಿಂತ್ಕೊಂಡ್ತು. ಆಗಲೇ ಹೇಳಿದ್ನಲ್ಲ, ಸ್ಪ್ರಿಂಗ್ ಗನ್ನು ಮುಂದಕ್ಕೂ ಜಗ್ಗುತ್ತೆ ಅಂತ. ದೊಡ್ಡ ರೈಫಲ್ ಎಷ್ಟೇ ಒದ್ರೂ ಹಿಂದಕ್ಕೇ ಒದೆಯೋದು, ಆ ಸ್ಕೋಪ್ ಕಟ್ಟಿರೋದೂ ಅದಕ್ಕೇ, ಮುಂದಕ್ಕೆ ಜಗ್ಗೋ ಏಟಿಗೆ ಒಳಗಿನ ಗಾಜು ಸಡಿಲ ಆಗುತ್ತೆ. ಹಾಗಾಗಿ ಡಬ್ಬದ ಮೇಲೆ ಏರ್ ಗನ್, ಸ್ಪ್ರಿಂಗರ್ ರೇಟೆಡ್ ಅಂತ ಇದ್ರೆ ಮಾತ್ರ ತಗೊಳ್ಳಿ. ಪಿಸಿಪಿಗೆ ಈ ತಲೆನೋವಿಲ್ಲ.

ಎರಡನೇದು ದೂರದ ಲೆಕ್ಕ. ದೊಡ್ಡ ರೈಫಲ್ ಸ್ಕೋಪನ್ನ ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರ್ತಾರೆ, ಅದರಲ್ಲಿ 10 ಮೀಟರಿನ ಇಲಿ ಮಸುಕು ಮಸುಕು ಕಾಣುತ್ತೆ, ಜೊತೆಗೆ ಕಣ್ಣು ಒಂಚೂರು ಆಚೀಚೆ ಆದ್ರೆ ಅಡ್ಡಗೆರೆ ಇಲಿ ಮೇಲಿಂದ ಜಾರಿದ ಹಾಗೆ ಕಾಣುತ್ತೆ. ಇದನ್ನೇ ಪ್ಯಾರಲಾಕ್ಸ್ ಅನ್ನೋದು. ಮುಂದಿನ ಗಾಜಿನ ಸುತ್ತ ಅಥವಾ ಎಡಗಡೆ ತಿರುಗಿಸೋ ರಿಂಗ್ ಇದ್ದು, 10 ಗಜದಿಂದ ಶುರುವಾಗೋದನ್ನ ನೋಡಿ ತಗೊಳ್ಳಿ, ಅಂಗಡೀಲಿ ಎಒ ಅಂದ್ರೆ ತೋರಿಸ್ತಾರೆ. ಝೂಮ್ ಜಾಸ್ತಿ ಬೇಡ. 3-9×40, ಅಂದ್ರೆ 3ರಿಂದ 9 ಪಟ್ಟು ಝೂಮ್, ಮುಂದಿನ ಗಾಜು 40 ಎಂಎಂ, ಎಲ್ಲರೂ ತಗೊಳ್ತಾರೆ, ಸರಿ, ಆದ್ರೆ ಹಿತ್ತಲಲ್ಲಿ ಅದನ್ನ 4ರ ಮೇಲೆ ಏರಿಸೋ ಸಂದರ್ಭ ಕಮ್ಮಿ, ಏರಿಸಿದಷ್ಟೂ ಕತ್ತಲಾಗುತ್ತೆ, ಇಲಿ ಹುಡುಕೋಕೇ ಸಿಗಲ್ಲ. 2-7×32 ಸಿಕ್ರೆ ನಂಗೆ ಅದೇ ಇಷ್ಟ. ಗನ್ನಿಗೆ ಹಾಕಿದ ದುಡ್ಡಿನ ಮೂರರಲ್ಲಿ ಒಂದು ಭಾಗ ಸ್ಕೋಪಿಗೂ ಅದನ್ನ ಗನ್ನಿಗೆ ಕೂರಿಸೋ ಮೌಂಟಿಗೂ ಇಟ್ಕೊಳ್ಳಿ.

ಮೌಂಟ್ ಅನ್ನೋದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಹೆಚ್ಚಿನ ಏರ್ ಗನ್ನಲ್ಲಿರೋದು 11 ಎಂಎಂ ಡವ್‌ಟೇಲ್ ಕಚ್ಚು, ಅಗಲದ ಪಿಕಾಟಿನ್ನಿ ಮೌಂಟ್ ಇದಕ್ಕೆ ಕೂರಲ್ಲ, ಅಳತೆ ನೋಡ್ಕೊಂಡು ಹೋಗಿ. ಸ್ಪ್ರಿಂಗ್ ಗನ್ನಿಗೆ ಎರಡು ಬಿಡಿ ರಿಂಗ್ ಬದಲು ಒಂದೇ ತುಂಡಿನ ಮೌಂಟ್, ಕೆಳಗೆ ಸ್ಟಾಪ್ ಪಿನ್ ಇರೋದು ಹಾಕಿ, ಆ ಪಿನ್ನು ಗನ್ನಿನ ತೂತಿಗೆ ಕೂತಿರ್ಬೇಕು, ಇಲ್ದಿದ್ರೆ ಒದೆತಕ್ಕೆ ಇಡೀ ಸ್ಕೋಪು ಹಿಂದೆ ಹಿಂದೆ ಸರೀತಾ ಬರುತ್ತೆ.

ಝೀರೋ ಮಾಡೋದು, ಅಂದ್ರೆ ಅಡ್ಡಗೆರೆ ಇಟ್ಟಲ್ಲೇ ಪೆಲೆಟ್ ಬೀಳೋ ಹಾಗೆ ಹೊಂದಿಸೋದು, 15 ಮೀಟರಿಗೆ ಮಾಡಿ. ಸಾಮಾನ್ಯ ಸ್ಕೋಪಲ್ಲಿ ಹೊಂದಿಸೋ ತಿರುಪಿನ ಒಂದು ಕ್ಲಿಕ್ ಅಂದ್ರೆ ಕಾಲು ಎಂಒಎ (ಕೋನದ ಒಂದು ಸಣ್ಣ ಅಳತೆ), 15 ಮೀಟರಲ್ಲಿ ಅದು ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಂದ್ರೆ ಒಂದು ಸೆಂಟಿಮೀಟರ್ ಸರಿಸೋಕೆ ಒಂಬತ್ತು ಕ್ಲಿಕ್. ಐದು ಏಟು ಹೊಡೆದು, ಆ ಗುಂಪಿನ ನಡು ನೋಡಿ ತಿರುಗಿಸಿ, ಒಂದೊಂದೇ ಏಟಿಗೆ ತಿರುಗಿಸ್ತಾ ಕೂತ್ರೆ ಸಂಜೆವರೆಗೂ ಮುಗಿಯಲ್ಲ. ಹೀಗೆ ಝೀರೋ ಆದ ಗನ್ನು 15ರಿಂದ 25 ಮೀಟರ್‌ವರೆಗೂ ಹೆಚ್ಚುಕಮ್ಮಿ ಇಟ್ಟಲ್ಲೇ ಬೀಳುತ್ತೆ. ತೊಂದರೆ ಇರೋದು ತೀರಾ ಹತ್ರಕ್ಕೆ. ಸ್ಕೋಪು ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತಲ್ಲ, ಅದಕ್ಕೇ 5 ಮೀಟರಲ್ಲಿ ಪೆಲೆಟ್ ಅಡ್ಡಗೆರೆಗಿಂತ ಎರಡೂವರೆ ಸೆಂಟಿಮೀಟರ್ ಕೆಳಗೆ ಬೀಳುತ್ತೆ. ಕಾಲ ಬುಡದಲ್ಲೇ ಇದ್ದ ಇಲಿ ತಪ್ಪಿತು ಅನ್ನೋರೆಲ್ಲ ಇದಕ್ಕೇ ತಪ್ಪಿಸ್ಕೊಂಡಿರೋದು. ಪೇಪರಿನ ಮೇಲೆ 5, 8, 10 ಮೀಟರಿಂದ ಹೊಡೆದು ಎಷ್ಟೆಷ್ಟು ಕೆಳಗೆ ಬೀಳುತ್ತೆ ಅಂತ ಚೀಟಿ ಬರೆದು ಗನ್ನಿಗೆ ಅಂಟಿಸಿ.

ಹೊಡೆಯೋ ಜಾಗ ನೀವೇ ಮಾಡ್ಕೊಳ್ಳಿ, ಇಲಿ ಹಿಂದೆ ಓಡಾಡ್ಬೇಡಿ. ಗೋಡೆ ಅಂಚಲ್ಲಿ ಅದು ದಿನಾ ಓಡೋ ದಾರಿ ಎಣ್ಣೆ ಜಿಡ್ಡಾಗಿ ಕಪ್ಪಗೆ ಕಾಣುತ್ತೆ, ಅದರ ಹತ್ರ ಒಂದು ಹಲಗೆ ಇಟ್ಟು ನಾಲ್ಕು ದಿನ ಒಂದೇ ಹೊತ್ತಿಗೆ ಹಿಂಡಿಗೆ ಬೆಲ್ಲ ಕಲಸಿ ಹಚ್ಚಿ. ಹಲಗೆ ಹಿಂದೆ ಮರಳು ತುಂಬಿದ ಎರಡು ಚೀಲ ಬೇಕೇ ಬೇಕು, ಜಂಬಿಟ್ಟಿಗೆ ಗೋಡೆಗೋ ಸಿಮೆಂಟಿಗೋ ತಾಗಿದ್ರೆ ಪೆಲೆಟ್ ವಾಪಸ್ ಕಣ್ಣಿಗೇ ಬರುತ್ತೆ, ಕನ್ನಡಕ ಹಾಕಿ. ಮೇಲ್ಮುಖ ಹೊಡೀಲೇಬೇಡಿ, ತೆಂಗಿನ ಮರದ ಇಲಿಗೂ ಬೇಡ, ತಪ್ಪಿದ ಪೆಲೆಟ್ ಮುನ್ನೂರು ಮೀಟರ್ ಆಚೆ ಯಾರ ಅಂಗಳಕ್ಕೆ ಬೀಳುತ್ತೋ. ಮರಕ್ಕೆ ತಗಡಿನ ಪಟ್ಟಿ ಸುತ್ತಿ, ಅದು ಇಲಿ ಹತ್ತದಂಗೆ ತಡೆಯುತ್ತೆ. ಪೇಟೇಲಿ ಮನೆಗೆ ಮನೆ ಅಂಟಿಕೊಂಡಿರೋ ಕಡೆ ಇದ್ರೆ ಗನ್ ಆಸೆ ಬಿಡಿ, ಬೋನೇ ಸರಿ. ಕತ್ತಲಾದ್ಮೇಲೆ ಕೆಂಪು ಬೆಳಕಿನ ಟಾರ್ಚ್ ಬಳಸಿ, ಕೆಂಪು ಬೆಳಕು ಇಲಿ ಕಣ್ಣಿಗೆ ಸರಿಯಾಗಿ ಕಾಣಲ್ಲ, ಓಡಲ್ಲ. ನಿಂತು ತಿನ್ನುವಾಗ, ತಲೆ ಪೂರ್ತಿ ಕಂಡಾಗ ಮಾತ್ರ ಹೊಡೀರಿ. ಓಡೋ ಇಲಿಗೆ ಬೇಡ, ನಾಳೆ ಮತ್ತೆ ಬರುತ್ತೆ.

ಸತ್ತ ಇಲಿನ ಬರೀ ಕೈಲಿ ಮುಟ್ಬೇಡಿ. ಮಲೆನಾಡು ಕರಾವಳೀಲಿ ಮಳೆಗಾಲದ ಇಲಿ ಜ್ವರ ಅಂದ್ರೆ ಏನು ಅಂತ ನೋಡಿದೋರಿಗೆ ಗೊತ್ತು, ಅದು ಹರಡೋದು ಇಲಿ ಮೂತ್ರದಿಂದ, ಕಾಲಲ್ಲಿ ಸಣ್ಣ ಗಾಯ ಇದ್ರೂ ಸಾಕು. ಗಮ್ ಬೂಟು, ರಬ್ಬರ್ ಗ್ಲೌಸ್ ಹಾಕಿ, ಬಾವಿಯಿಂದ ದೂರ ಎರಡಡಿ ಗುಂಡಿ ತೆಗೆದು ಹೂಳಿ, ಹಲಗೆಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತೊಳೀರಿ. ಪೆಲೆಟ್ ಹೊಕ್ಕ ಇಲಿನ ಬೆಕ್ಕಿಗೂ ಹಾಕ್ಬೇಡಿ, ಅದರೊಳಗೆ ಸೀಸ ಇರುತ್ತೆ. ಆಮೇಲೆ ಗನ್ನು ಖಾಲಿ ಇದೆಯಾ ನೋಡಿ, ಒಣ ಬಟ್ಟೇಲಿ ಒರೆಸಿ, ಪೆಲೆಟ್ ಡಬ್ಬ ಬೇರೆ ಕಡೆ, ಗನ್ನು ಬೇರೆ ಕಡೆ, ಎರಡಕ್ಕೂ ಬೀಗ. ನಮ್ಮನೇಲಿ ಬೀಗದ ಕೈ ನನ್ನ ಹತ್ರ ಮಾತ್ರ ಇರುತ್ತೆ, ರಜೆಗೆ ಮಕ್ಕಳು ಬಂದಾಗ ಬೋಲ್ಟ್ ಬಿಚ್ಚಿ ನಳಿಗೇನೂ ಬೇರೆ ಇಡ್ತೀನಿ.