ಪೈಥಾನ್‌ನಿಂದ ಎಕ್ಸೆಲ್ ಮ್ಯಾಕ್ರೋ ಓಡದಿದ್ದಾಗ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಚಂದಾ ಪಟ್ಟಿ ಎಕ್ಸೆಲ್‌ನಲ್ಲಿದೆ. ರಸೀದಿ ಮ್ಯಾಕ್ರೋ (ಎಕ್ಸೆಲ್ ಒಳಗೇ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಕೈಯಿಂದ ಓಡಿಸಿದರೆ ಸರಿ, ಪೈಥಾನ್‌ನಿಂದ ಕರೆದರೆ 1004 ಎರರ್.

ಎಕ್ಸೆಲ್‌ನ ಭದ್ರತಾ ಸೆಟ್ಟಿಂಗ್‌ಗಳಿರುವ ಟ್ರಸ್ಟ್ ಸೆಂಟರ್‌ನಲ್ಲಿ ಎಲ್ಲ ಮ್ಯಾಕ್ರೋಗಳಿಗೆ ಅನುಮತಿ ಕೊಟ್ಟೆ, ಆಫೀಸ್ ರಿಪೇರಿ ಮಾಡಿದೆ. ಪ್ರಯೋಜನವಿಲ್ಲ. (ಆ ಅನುಮತಿ ವಾಪಸ್ ತೆಗೆಯಿರಿ, ಸುಮ್ನೆ ಅಪಾಯ.)

ಕಾರಣ ಇದು: ಬೇರೆ ಪ್ರೋಗ್ರಾಂ ಎಕ್ಸೆಲ್ ಶುರು ಮಾಡಿದರೆ ಎಕ್ಸ್‌ಎಲ್‌ಸ್ಟಾರ್ಟ್ (XLSTART) ಫೋಲ್ಡರಿನ ಫೈಲುಗಳು ತಾವಾಗಿ ತೆರೆಯುವುದಿಲ್ಲ. ಮ್ಯಾಕ್ರೋ ಇದ್ದದ್ದು ಅಲ್ಲಿನ ಪರ್ಸನಲ್ ವರ್ಕ್‌ಬುಕ್ (ಸ್ವಂತ ಮ್ಯಾಕ್ರೋಗಳನ್ನು ಇಡುವ ಫೈಲ್) ಒಳಗೇ! ಹಾಗಾಗಿ ಮೊದಲು ಪೈಥಾನ್‌ನಲ್ಲಿ ಎಕ್ಸೆಲ್‌ನ ಸ್ಟಾರ್ಟಪ್‌ಪಾತ್ (StartupPath) ಪ್ರಾಪರ್ಟಿಯಿಂದ ಆ ಫೋಲ್ಡರಿನ ದಾರಿ ಪಡೆಯಿರಿ. ವರ್ಕ್‌ಬುಕ್ಸ್ ಓಪನ್ (Workbooks.Open) ಬಳಸಿ ಪರ್ಸನಲ್ ಫೈಲ್ ತೆರೆಯಿರಿ. ಆಮೇಲೆ ಪಟ್ಟಿಯ ಫೈಲ್. ಕೊನೆಗೆ ಮ್ಯಾಕ್ರೋ ಓಡಿಸುವ ರನ್ (Run). ಅದಕ್ಕೆ ಮ್ಯಾಕ್ರೋ ಹೆಸರು ಪೂರ್ತಿ ಕೊಡಬೇಕು: ಫೈಲ್ ಹೆಸರು, ಆಶ್ಚರ್ಯ ಚಿಹ್ನೆ (!), ಮಾಡ್ಯೂಲ್ (ಮ್ಯಾಕ್ರೋ ಬರೆದಿರುವ ಭಾಗ), ಚುಕ್ಕಿ, ಮ್ಯಾಕ್ರೋ. ಫೈಲ್ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಅದನ್ನು ಸಿಂಗಲ್ ಕೋಟ್ ಒಳಗೆ ಹಾಕಿ.