ಫೈಲ್ ಮುಚ್ಚುವ ಕೆಲಸವನ್ನು ಗಾರ್ಬೇಜ್ ಕಲೆಕ್ಟರ್‌ಗೆ ಬಿಟ್ಟಿದ್ದೆ

ಮಂಡ್ಯದ ಹತ್ತಿರದ ಒಂದು ವೇಬ್ರಿಡ್ಜ್‌ಗೆ ಕಬ್ಬಿನ ಗಾಡಿ ತೂಗುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಎರಡು ಹಂಗಾಮು ತಕರಾರಿಲ್ಲದೆ ನಡೆಯಿತು. ಆಮೇಲೆ 2 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರ್ ತೆಗೆದು 8 ಜಿಬಿಯ ಹೊಸದನ್ನು ಕೂರಿಸಿದೆವು. ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ಗುಮಾಸ್ತರ ಫೋನ್: "ಚೀಟಿ ಬರುತ್ತಿಲ್ಲ ಸರ್, ಗಾಡಿಗಳು ರಸ್ತೆಯವರೆಗೂ ನಿಂತಿವೆ." ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ಆ ನಷ್ಟ ರೈತನದು. ನಾನು ಮೈಸೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ಅವರೇ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದ್ದರು, ಎಲ್ಲವೂ ಸರಿಯಾಗಿತ್ತು. ಎರಡು ವಾರಕ್ಕೆ ಮತ್ತೆ ಅದೇ ಫೋನ್.

ತೆರೆದ ಫೈಲ್‌ಗಳು ಮಿತಿ ಮೀರಿವೆ ಎಂದು ಲಾಗ್ ಹೇಳುತ್ತಿತ್ತು. ಆ ಲಿನಕ್ಸ್‌ನಲ್ಲಿ ಪ್ರೋಗ್ರಾಂಗೆ ಇದ್ದ ಮಿತಿ 4096. ದಿನಕ್ಕೆ ಸುಮಾರು ಮುನ್ನೂರು ಗಾಡಿ, ಗಾಡಿಗೊಂದು ಫೈಲ್. ಲೆಕ್ಕ ಹಾಕಿದ ಕೂಡಲೇ ನನಗೆ ಅರ್ಥವಾಯಿತು, ಒಂದು ಫೈಲೂ ಮುಚ್ಚುತ್ತಿಲ್ಲ. ಮುಚ್ಚುವ ಸಾಲನ್ನು ನಾನು ಬರೆದಿದ್ದದ್ದು ಜಾವಾ ಭಾಷೆಯ ಫೈನಲೈಸರ್‌ನಲ್ಲಿ. ಬಳಕೆ ಮುಗಿದ ಆಬ್ಜೆಕ್ಟ್‌ಗಳನ್ನು ಗುಡಿಸಿ ಮೆಮೊರಿ ಬಿಡಿಸುವುದು ಗಾರ್ಬೇಜ್ ಕಲೆಕ್ಟರ್, ಅದು ಒಂದು ಆಬ್ಜೆಕ್ಟನ್ನು ತೆಗೆಯುವ ಮುನ್ನ ಓಡುವ ಕೋಡ್ ಫೈನಲೈಸರ್. ಸಿ++ ಕಲಿತು ಬಂದವನು ನಾನು. ಅಲ್ಲಿ ಕೋಡಿನ ಬ್ಲಾಕ್ ಮುಗಿದ ಕ್ಷಣವೇ ಡಿಸ್ಟ್ರಕ್ಟರ್, ಅಂದರೆ ಆಬ್ಜೆಕ್ಟಿನ ಕೊನೆಯ ಶುಚಿ ಕೆಲಸದ ಕೋಡ್, ಓಡುತ್ತದೆ. ಇದೂ ಹಾಗೆಯೇ ಎಂದುಕೊಂಡಿದ್ದೆ.

ಹಳೆಯ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಬಿಡಿಸಲು ಒಂದು ರಾತ್ರಿ ಹಿಡಿಯಿತು. ಗಾಡಿ ಮೊದಲು ಭರ್ತಿ ತೂಕಕ್ಕೆ ಬರುತ್ತದೆ, ಕಬ್ಬು ಇಳಿಸಿ ಖಾಲಿ ತೂಕಕ್ಕೆ ಮರಳಲು ಎರಡು ಮೂರು ಗಂಟೆ. ಅಷ್ಟು ಹೊತ್ತೂ ಆ ಚೀಟಿಯ ಆಬ್ಜೆಕ್ಟ್, ಅಂದರೆ ಮೆಮೊರಿಯಲ್ಲಿ ಅದರ ವಿವರ ಮತ್ತು ತೆರೆದ ಫೈಲನ್ನು ಹಿಡಿದ ತುಣುಕು, ಜೀವಂತ. ಕಲೆಕ್ಟರ್ ಹೊಸ ಆಬ್ಜೆಕ್ಟ್‌ಗಳ ಜಾಗವನ್ನು ಪದೇ ಪದೇ ಗುಡಿಸುತ್ತದೆ. ಹಲವು ಸಲ ಗುಡಿಸಿದರೂ ಉಳಿದವನ್ನು ಹಳೆಯವುಗಳ ಜಾಗಕ್ಕೆ ಸಾಗಿಸುತ್ತದೆ. ಆ ಜಾಗಕ್ಕೆ ಪೊರಕೆ ಬೀಳುವುದು ಅದು ತುಂಬುತ್ತಾ ಬಂದಾಗ. ಬೇರೆ ಹೇಳದಿದ್ದರೆ ಈ ಜಾಗಗಳೆಲ್ಲ ಸೇರಿದ ಹೀಪ್ ಕಂಪ್ಯೂಟರಿನ ಮೆಮೊರಿಯ ಕಾಲು ಭಾಗದವರೆಗೆ ಬೆಳೆಯಬಹುದು. 2 ಜಿಬಿಯಲ್ಲಿ ಬೇಗ ತುಂಬುತ್ತಿತ್ತು, ಫೈಲ್‌ಗಳು ಮುಚ್ಚುತ್ತಿದ್ದವು. 8 ಜಿಬಿಯಲ್ಲಿ ತುಂಬುವ ಮೊದಲೇ ಫೈಲ್ ಮಿತಿ ಮುಗಿಯುತ್ತಿತ್ತು. ಕಲೆಕ್ಟರ್ ಲೆಕ್ಕ ಇಡುವುದು ಮೆಮೊರಿಗೆ ಮಾತ್ರ. ಎಷ್ಟು ಫೈಲ್ ತೆರೆದಿವೆ ಎಂದು ಅದು ನೋಡುವುದೇ ಇಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಹಳೆಯ ಫೈಲ್‌ಗಳನ್ನು ತೆರೆದು ನೋಡಿದರೆ ಕೆಲವದರಲ್ಲಿ ಕೊನೆಯ ಸಾಲು, ಅಂದರೆ ಖಾಲಿ ತೂಕ, ಇರಲೇ ಇಲ್ಲ. ನನ್ನ ಫೈನಲೈಸರ್ ಬಫರ್‌ನಲ್ಲಿ, ಅಂದರೆ ಫೈಲಿಗೆ ಹೋಗುವ ಮುನ್ನ ಬರಹ ತಂಗುವ ಜಾಗದಲ್ಲಿ, ಉಳಿದದ್ದನ್ನು ಬರೆದು ಫೈಲ್ ಮುಚ್ಚಬೇಕಿತ್ತು. ಆದರೆ ಫೈಲಿಗೆ ಬರೆಯುವ ಜಾವಾ 8ರ ಫೈಲ್ ಸ್ಟ್ರೀಮ್ ಆಬ್ಜೆಕ್ಟ್‌ಗೂ ಅದರದೇ ಫೈನಲೈಸರ್ ಇದೆ, ಯಾವುದು ಮೊದಲು ಓಡುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಸ್ಟ್ರೀಮಿನದು ಮೊದಲು ಓಡಿದಾಗ, ಆಗಲೇ ಮುಚ್ಚಿಹೋದ ಫೈಲಿಗೆ ನನ್ನ ಫೈನಲೈಸರ್ ಬರೆಯಲು ಹೋಗುತ್ತಿತ್ತು. ಫೈನಲೈಸರ್‌ನಲ್ಲಿ ಎದ್ದ ಎಕ್ಸೆಪ್ಷನ್, ಅಂದರೆ ದೋಷದ ಸೂಚನೆ, ಸದ್ದಿಲ್ಲದೆ ಅಲ್ಲೇ ಅಡಗಿಹೋಗುತ್ತದೆ. ರೈತರ ಕೈಗೆ ಹೋದ ಮುದ್ರಿತ ಚೀಟಿ ಸರಿಯಿತ್ತು, ದಾಖಲೆ ಮುಕ್ಕಾಗಿತ್ತು.

ಈಗ ಭರ್ತಿ ತೂಕ ಬರೆದ ತಕ್ಷಣ ಫೈಲ್ ಮುಚ್ಚುತ್ತೇನೆ, ಖಾಲಿ ತೂಕಕ್ಕೆ ಮತ್ತೆ ತೆರೆದು ಕೊನೆಗೆ ಸೇರಿಸುತ್ತೇನೆ. ಎರಡೂ ಕಡೆ, 2011ರಲ್ಲಿ ಜಾವಾ 7ರ ಜೊತೆ ಬಂದ ತಾನಾಗಿ ಮುಚ್ಚುವ ಟ್ರೈ ಬ್ಲಾಕ್. ಜಾವಾದವರೇ 2017ರ 9ನೇ ಆವೃತ್ತಿಯಲ್ಲಿ ಫೈನಲೈಸರ್ ಬಳಸಬೇಡಿ ಎಂದರು, 2022ರ 18ನೇ ಆವೃತ್ತಿಯಲ್ಲಿ ಮುಂದೆ ತೆಗೆದುಹಾಕುವ ಪಟ್ಟಿಗೆ ಸೇರಿಸಿದರು. ಪೈಥಾನ್ ಭಾಷೆಯಲ್ಲಿ 2014ರಲ್ಲಿ 3.4ನೇ ಆವೃತ್ತಿ ಬರುವವರೆಗೆ, ಒಂದನ್ನೊಂದು ಹಿಡಿದುಕೊಂಡ ಆಬ್ಜೆಕ್ಟ್‌ಗಳಿಗೆ ಫೈನಲೈಸರ್ ಇದ್ದರೆ ಕಲೆಕ್ಟರ್ ಅವನ್ನು ಬಿಡಿಸುತ್ತಲೇ ಇರಲಿಲ್ಲ.

ಬೇರೆ ಬೇರೆ ತಳಿಯ ದರ ಲೆಕ್ಕಕ್ಕೆಂದು ಈಗ ನಾನೇ ಪುಟ್ಟ ಭಾಷೆಯೊಂದನ್ನು ಕಟ್ಟುತ್ತಿದ್ದೇನೆ. ಅದರಲ್ಲಿ ಫೈನಲೈಸರ್ ಇಟ್ಟಿಲ್ಲ. ಫೈಲ್ ತೆರೆದು ಮುಚ್ಚದೆ ಬ್ಲಾಕ್ ಮುಗಿಸಿದರೆ ಕಂಪೈಲರ್ ಆ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ.